ಬಲಗಡೆಯ ಸ್ಪೀಕರ್

ಸಾಲಿಗ್ರಾಮದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಕೆ.ಆರ್. ನಗರಕ್ಕೆ ಹೊರಟೆ. ಆಷಾಢದ ಗಾಳಿ, ಜೊತೆಗೆ ಜರಡಿಯಿಂದ ಉದುರುವ ಹಿಟ್ಟಿನಂಥ ಸೋನೆ. ಟಿಕೆಟ್ ಆರು ರೂಪಾಯಿ. ಕೈಯಲ್ಲಿ ಒಂದು ರೆಕ್ಸಿನ್ ಚೀಲ, ಅದರಲ್ಲಿ ಸ್ಕ್ರೂ ಡ್ರೈವರುಗಳು, ಕಟಿಂಗ್ ಪ್ಲೇಯರ್, ಮೀಟರ್, ಒಂದು ಸುತ್ತು ತಂತಿ, ಒಂದು ಲುಂಗಿ. ಸಾಲಿಗ್ರಾಮದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಕೆಟ್ಟ ಸೆಟ್ಟುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಕೆಟ್ಟ ಸೆಟ್ಟನ್ನು ಹುಡುಕಿಕೊಂಡು ನಾನು ಹೋದದ್ದು ಅದೊಂದೇ ಸಲ. ತೊಂಬತ್ತರ ದಶಕದ ಕೊನೆ, ಲಾರಿಗಳಲ್ಲಿ ಇನ್ನೂ ಕ್ಯಾಸೆಟ್ಟೇ ಓಡುತ್ತಿದ್ದ ಕಾಲ.

ಸೆಟ್ಟು ನಮ್ಮ ನಿಂಗಣ್ಣ ಭಾವನ ಲಾರಿಯದು. ಭಾವ ನನ್ನ ದೊಡ್ಡಕ್ಕನ ಗಂಡ, ಮನೆ ಭೇರ್ಯದಲ್ಲಿ. ಕೆ.ಆರ್. ನಗರದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಲಾರಿಗೆ ಇಪ್ಪತ್ತು ವರ್ಷದಿಂದ ಅವರೇ ಡ್ರೈವರ್. ಜಮೀನು ತಮ್ಮನಿಗೆ ಬಿಟ್ಟುಕೊಟ್ಟು ಸ್ಟೇರಿಂಗ್ ಹಿಡಿದವರು, ಬೇರೆ ಕಸುಬು ಕಲಿಯಲಿಲ್ಲ. ಯುಗಾದಿ ಕಳೆದ ಮೇಲೆ ಅವರ ಕಾಟ ತಾಳಲಾರದೆ ಲಾರಿಯ ಹಳೆಯ ಸೆಟ್ಟಿಗೆ ನಾನೇ ಒಂದು ಆಂಪ್ಲಿಫೈಯರ್ ಕೂರಿಸಿ, ಡ್ರೈವರ್ ಸೀಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ದೊಡ್ಡ ಸ್ಪೀಕರ್ ಜೋಡಿಸಿಕೊಟ್ಟಿದ್ದೆ. ಅಂದಿನಿಂದ ದೂರೋ ದೂರು. ಆಕ್ಸಿಲೇಟರ್ ತುಳಿದರೆ ಹಾಡಿನ ಜೊತೆ ಸೊಂಯ್ ಎನ್ನುತ್ತದಂತೆ, ಗುಂಡಿಗೆ ಚಕ್ರ ಇಳಿದರೆ ನಿಲ್ಲುತ್ತದಂತೆ, ಬಲಗಡೆಯ ಸ್ಪೀಕರಿಗೆ ಉಸಿರೇ ಇಲ್ಲವಂತೆ. ಲಾರಿ ನನ್ನ ಅಂಗಡಿಯ ಮುಂದೆ ನಿಂತಾಗಲೆಲ್ಲ ನೋಡಿದ್ದೆ. ನಿಂತ ಲಾರಿಯಲ್ಲಿ ಎಲ್ಲವೂ ಚೆನ್ನಾಗಿತ್ತು.

"ನಿಂತಾಗ ಏನ್ ಗೊತ್ತಾಯ್ತದ್ಲಾ ಸೀನ? ಓಡ್ತಾ ಇರುವಾಗ ಬಂದು ಕೂತ್ಕಂಡು ಕೇಳು. ಕ್ಲೀನರೂ ಊರ್ಗೋಗವ್ನೆ, ಸೀಟು ಖಾಲಿ ಅದೆ" ಎಂದು ಭಾವ ಹೇಳಿಕಳಿಸಿದ್ದರು. ನನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನನಗೆ ನಿದ್ದೆ ಹತ್ತುವುದಿಲ್ಲ. ಅಂಗಡಿಗೆ ಬೀಗ ಜಡಿದು ಹೊರಟೇಬಿಟ್ಟೆ. ಭಾವನ ಹೊಟ್ಟೆಪಾಡೇ ಆ ಸ್ಪೀಕರಿನ ಮೇಲೆ ನಿಂತಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ.

ಗಿರಣಿಯಲ್ಲಿ ಲಾರಿಗೆ ಅಕ್ಕಿ ಮೂಟೆ ತುಂಬಿ ಟಾರ್ಪಾಲು ಬಿಗಿಯುತ್ತಿದ್ದರು. ಹುಣಸೂರಿಗೆ ಒಂದಷ್ಟು, ಪಿರಿಯಾಪಟ್ಟಣಕ್ಕೆ ಒಂದಷ್ಟು, ಉಳಿದದ್ದು ಎಚ್.ಡಿ. ಕೋಟೆಗೆ. ಎರಡು ದಿನದ ಕೆಲಸ. ಲಾರಿಯ ಹಿಂದುಗಡೆ ಹಳದಿ ಬಣ್ಣದಲ್ಲಿ 'ಹಾರ್ನ್ ಮಾಡಿ' ಎಂದು ಬರೆದಿತ್ತು. ಪ್ರತಿ ಆಯುಧಪೂಜೆಗೂ ಭಾವ ತಾವೇ ಕುಂಚ ಹಿಡಿದು ಆ ಅಕ್ಷರಗಳನ್ನು ತಿದ್ದುತ್ತಾರೆ, ಅದಕ್ಕೇ ಅವು ವರ್ಷವರ್ಷವೂ ಒಂದಿಷ್ಟು ದಪ್ಪವಾಗುತ್ತಿದ್ದವು.

ಹುಣಸೂರಿಗೆ ಸುಮಾರು ಮೂವತ್ತು ಕಿಲೋಮೀಟರ್. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ಸಸಿಮಡಿ ಹಸಿರಾಗಿತ್ತು. ರಸ್ತೆ ಮಾತ್ರ ಯಾರೋ ಅಗೆದು ಮರೆತಂತೆ. ಊರು ದಾಟುವ ಮೊದಲೇ ಭಾವನ ದೂರು ನಿಜವೆಂದು ಗೊತ್ತಾಯಿತು. ಸೊಂಯ್ ಎನ್ನುವ ಸದ್ದು ಎಂಜಿನ್ನಿನ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ಗುಂಡಿ ಸಿಕ್ಕಿದಲ್ಲೆಲ್ಲ ಹಾಡುವವಳ ಬಾಯಿ ಮುಚ್ಚಿದ ಹಾಗೆ ಹಾಡು ನಿಲ್ಲುತ್ತಿತ್ತು. ಭಾವ ನನ್ನ ಕಡೆ ತಿರುಗಿ, "ನಾನೇನ್ ಸುಳ್ಳೇಳ್ತಿದ್ನಾ?" ಎಂದರು. ನಾನು ಕಿಟಕಿಯಾಚೆ ಗದ್ದೆ ನೋಡಿದೆ.

ಹುಣಸೂರಿನಲ್ಲಿ ಮೂಟೆ ಇಳಿಸುವಷ್ಟರಲ್ಲಿ ನಾನು ಸೀಟಿನ ಕೆಳಗೆ ನುಗ್ಗಿದೆ. ಲಾರಿಯ ಎರಡು ಬ್ಯಾಟರಿ ಸೇರಿ ಇಪ್ಪತ್ತನಾಲ್ಕು ವೋಲ್ಟು, ಸೆಟ್ಟಿಗೆ ಹನ್ನೆರಡೇ ಸಾಕು. ಅದಕ್ಕೇ ಒಂದೇ ಬ್ಯಾಟರಿಯಿಂದ ಕರೆಂಟು ಎಳೆಯುವುದು ನಮ್ಮ ಕಡೆಯ ವಾಡಿಕೆ. ಮೊದಲು ಅದರ ಮೇಲೇ ಅನುಮಾನ ಬಂತು. ಮೀಟರ್ ಹಿಡಿದರೆ ಅಲ್ಲೆಲ್ಲ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ಅರ್ಥಿಂಗ್ ತಂತಿ. ಅದನ್ನು ಬಾಡಿಯ ತಗಡಿಗೆ ತಿರುಪು ಹಾಕಿ ಕೂರಿಸಿದ್ದ ಮಹಾನುಭಾವ ಕೆಳಗಿನ ಬಣ್ಣವನ್ನು ಕೆರೆದೇ ಇರಲಿಲ್ಲ. ತಿರುಪು ಬಣ್ಣದ ಮೇಲೆ ಅಲ್ಲಾಡುತ್ತಿತ್ತು. ಆ ಮಹಾನುಭಾವ ಯಾರೆಂದು ಬೇರೆ ಹೇಳಬೇಕಿಲ್ಲ. ಬಣ್ಣ ಕೆರೆದು, ತಗಡು ಹೊಳೆಯುವಂತೆ ಉಜ್ಜಿ, ವಾಷರ್ ಹಾಕಿ ಬಿಗಿದೆ. ಎಂಜಿನ್ ಚಾಲೂ ಮಾಡಿಸಿದರೆ ಸೊಂಯ್ ಎನ್ನುವುದು ಮಂಗಮಾಯ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ನಾನು ಗೆದ್ದವನಂತೆ ಲಾರಿ ಹತ್ತಿದೆ.

ಕಂಪಲಾಪುರ ದಾಟುವಾಗ ಭಾವ ಕ್ಯಾಸೆಟ್ಟು ತಿರುಗಿಸಿ ಹಾಕಿದರು. ಎಷ್ಟು ಗುಂಡಿ ಹಾರಿದರೂ ಹಾಡು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಕತ್ತು ವಾಲಿಸಿ ಕೇಳಿದರು.

"ಎಲ್ಲಾ ಸರಿ. ಬಲಗಡೆದು ಮಾತ್ರ ಅಂಗೇ ಅದೆ ಕಣೋ."

"ಹಾಡ್ತಾ ಇದೆಯಲ್ಲ ಭಾವ, ನನಗೆ ಚೆನ್ನಾಗಿ ಕೇಳ್ತಿದೆ."

"ಎಲ್ಲಾ ನಿನ್ ಕಡೆಯಿಂದ್ಲೇ ಬತ್ತಾ ಅದೆ. ಸ್ಪೀಕರೇ ಓಗಿರ್ಬೇಕು. ಬ್ಯಾರೆ ಆಕ್ಬುಡು."

ಆ ಮಾತು ಹೇಳುವಾಗ ಅವರ ದನಿಯಲ್ಲಿ ಒಂದು ಆಸೆ ಇತ್ತು. ಲಾರಿ ಮೇಲಿನ ಪ್ರೀತಿಗೆ ಹಿಡಿದ ಹಟ ಎಂದುಕೊಂಡೆ.

ಪಿರಿಯಾಪಟ್ಟಣ ತಲುಪುವಾಗ ಮಧ್ಯಾಹ್ನ. ಹೊಗೆಸೊಪ್ಪು ಬೇಯಿಸುವ ಕಾಲ ಅದು. ರಸ್ತೆಯ ಎರಡೂ ಬದಿ ಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು ಹೊಗೆಯಾಡುತ್ತಿದ್ದವು, ಊರಿಗೂರೇ ಕಮಟು ಸಿಹಿ ವಾಸನೆ. ಅಂಗಡಿಯವರು ಹಮಾಲರನ್ನು ಹೊಂದಿಸುವಷ್ಟರಲ್ಲಿ ನಾವು ಮುದ್ದೆ, ಹುರುಳಿಕಾಳು ಸಾರು ಉಂಡೆವು. ಆಮೇಲೆ ನಮ್ಮ ಕಸುಬಿನ ಹಳೆಯ ಉಪಾಯಕ್ಕೆ ಕೈ ಹಾಕಿದೆ. ಯಾವುದು ಕೆಟ್ಟಿದೆಯೆಂದು ಗೊತ್ತಾಗದಿದ್ದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಬೇಕು. ಕಾಯಿಲೆ ಯಾವುದರ ಹಿಂದೆ ಹೋಗುತ್ತದೋ ಕೆಟ್ಟದ್ದು ಅದೇ. ಎರಡು ಸ್ಪೀಕರನ್ನೂ ಬಿಚ್ಚಿ ಅದಲು ಬದಲು ಮಾಡಿದೆ. ಭಾವ ತಮ್ಮ ಸೀಟಿನಲ್ಲಿ ಕೂತು ಕೇಳಿ, "ಬಲಗಡೆದೇ" ಎಂದರು. ಆಂಪ್ಲಿಫೈಯರಿನ ತಂತಿ ಅದಲು ಬದಲು ಮಾಡಿದೆ. "ಬಲಗಡೆದೇ ಕಣೋ." ಸಂಜೆಯವರೆಗೂ ಹೆಣಗಾಡಿದೆ. ಏನು ಬದಲಾಯಿಸಿದರೂ ಕಾಯಿಲೆ ಇದ್ದಲ್ಲಿಂದ ಕದಲಲಿಲ್ಲ. ಹದಿನೈದು ವರ್ಷದಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ರಾತ್ರಿ ಅಂಗಡಿಯ ಮುಂದೆಯೇ ಲಾರಿಯಲ್ಲಿ ಮಲಗಿ, ಬೆಳಗಿನ ಚಳಿಯಲ್ಲಿ ವಾಪಸು ಹುಣಸೂರಿಗೆ ಬಂದು, ಎಚ್.ಡಿ. ಕೋಟೆಯ ರಸ್ತೆಗೆ ತಿರುಗಿದೆವು. ಅಲ್ಲಿಂದ ಮೂವತ್ತೈದು ಕಿಲೋಮೀಟರ್ ಇರಬಹುದು. ಗದ್ದೆ ಮುಗಿದು ಹತ್ತಿ ಹೊಲ, ರಾಗಿ ಹೊಲ ಶುರುವಾದವು, ಮೋಡ ಕೆಳಗಿಳಿದು ಕಾಡಿನ ಕಡೆಯ ಗುಡ್ಡಗಳು ಕಾಣುತ್ತಿರಲಿಲ್ಲ. ನಾನು ಸೆಟ್ಟನ್ನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಒಳಗಿನ ಬೆಸುಗೆಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಕ್ಯಾಬಿನ್ನಿನಲ್ಲಿ ಹಾಡಿಲ್ಲ, ಎಂಜಿನ್ನಿನ ಸದ್ದು ಮಾತ್ರ.

ಹಿಂದಿನಿಂದ ಒಂದು ಬಸ್ಸು ಹಾರ್ನ್ ಮಾಡಿತು. ಭಾವ ಸೈಡ್ ಕೊಡಲಿಲ್ಲ. ಇನ್ನೊಮ್ಮೆ ಮಾಡಿತು, ಆಮೇಲೆ ಕೈ ಎತ್ತದೆ ಉದ್ದಕ್ಕೆ ಒತ್ತಿತು. ನಾನು ತಲೆ ಎತ್ತುವುದಕ್ಕೂ, ಎದುರಿನ ಗುಂಡಿ ತಪ್ಪಿಸಲು ಭಾವ ಸ್ಟೇರಿಂಗನ್ನು ಬಲಕ್ಕೆ ಎಳೆಯುವುದಕ್ಕೂ, ಬಸ್ಸು ನಮ್ಮ ಬಲಗಡೆಗೆ ನುಗ್ಗುವುದಕ್ಕೂ ಸರಿಯಾಯಿತು. "ಭಾವ!" ಎಂದು ಕಿರುಚಿ ಅವರ ತೋಳು ಹಿಡಿದು ಎಳೆದೆ. ಬಸ್ಸು ರಸ್ತೆಯಿಂದಿಳಿದು, ಮಣ್ಣು ಎರಚಿ, ಎರಡು ಗೇಣು ಅಂತರದಲ್ಲಿ ದಾಟಿಹೋಯಿತು. ಬಸ್ಸಿನ ಕಿಟಕಿಗಳಲ್ಲಿ ಶಾಲೆಗೆ ಹೊರಟ ಮಕ್ಕಳ ಮುಖಗಳಿದ್ದವು. ಅದರ ಡ್ರೈವರ್ ಕತ್ತು ಹೊರಗೆ ಹಾಕಿ, "ಏನ್ ಕಿವುಡಾ ನೀನು?" ಎಂದು ಕೂಗಿದ.

ಭಾವ ಲಾರಿಯನ್ನು ಎಡಕ್ಕೆ ತಂದು ನಿಲ್ಲಿಸಿದರು. "ಹಾಡಿನ ಗಲಾಟೇಲಿ ಕೇಳ್ಲಿಲ್ಲ" ಎಂದರು.

ಸೆಟ್ಟು ನನ್ನ ತೊಡೆಯ ಮೇಲಿತ್ತು. ಅವರೂ ಅದನ್ನು ನೋಡಿದರು. ಎರಡು ದಿನದಿಂದ ನಾನು ಎಡಬಲ ಬದಲಾಯಿಸದೆ ಬಿಟ್ಟದ್ದು ಒಂದೇ ಒಂದು ಎಂದು ಆಗ ಹೊಳೆಯಿತು.

ಕೋಟೆಗೆ ಹತ್ತಿರದ ಹ್ಯಾಂಡ್‌ಪೋಸ್ಟಿನ ಅಂಗಡಿಯಲ್ಲಿ ಕೊನೆಯ ಮೂಟೆಗಳನ್ನು ಇಳಿಸುತ್ತಿದ್ದಾಗ ಸೆಟ್ಟನ್ನು ಮತ್ತೆ ಜೋಡಿಸಿ ಹಾಡು ಹಾಕಿದೆ. "ಭಾವ, ಒಂದ್ಸಲ ಸೀಟಿನ ಮೇಲೆ ಹಿಂದಕ್ಕೆ ತಿರುಗಿ ಕೂತ್ಕೊಳ್ಳಿ, ಸ್ಪೀಕರಿಗೆ ಮುಖ ಮಾಡಿ" ಎಂದೆ. ಅವರು ಸ್ಟೇರಿಂಗಿಗೆ ಬೆನ್ನು ಹಾಕಿ ಮಂಡಿಯೂರಿ ಕೂತರು. ಕಣ್ಣು ಮುಚ್ಚಿ ಕೇಳಿದರು. ಅವರ ಮುಖ ಅರಳಿತು.

"ಬಂತು ಕಣೋ! ಬಲಗಡೆದು ಬಂತು! ಈಗ ನಿನ್ ಕಡೆದು ನಿಂತೋಗದೆ..."

ಮಾತು ಅಲ್ಲಿಗೇ ನಿಂತಿತು. ನಾನು ಯಾವ ತಂತಿಯನ್ನೂ ಮುಟ್ಟಿರಲಿಲ್ಲ. ತಿರುಗಿದ್ದು ಅವರ ತಲೆ ಒಂದೇ. ಅವರು ಕಣ್ಣು ತೆರೆದು ನನ್ನ ಕೈಗಳನ್ನು ನೋಡಿದರು, ನಿಧಾನವಾಗಿ ಬಲಗಿವಿಯ ಮೇಲೆ ಅಂಗೈ ಇಟ್ಟುಕೊಂಡರು, ತೆಗೆದರು, ಮತ್ತೆ ಇಟ್ಟರು. ನಾನು ಹಾಡು ನಿಲ್ಲಿಸಿದೆ.

ಭಾವ ಮುಂದಕ್ಕೆ ತಿರುಗಿ ಕೂತು, "ಓದ್ ವರ್ಸದಿಂದ ಒಳ್ಗೆ ಗುಂಯ್ ಅಂತಿತ್ತು. ಆಮೇಲ್ ಅದೂ ನಿಂತೋಯ್ತು" ಎಂದರು. "ಕ್ಲೀನರ್ ಪುಣ್ಯಾತ್ಮ, ಹಿಂದ್ಗಡೆ ಗಾಡಿ ಬಂದ್ರೆ ಡೋರು ಬಡ್ದು ಹೇಳ್ತಿದ್ದ. ಸದ್ದು ಜಾಸ್ತಿಯಾದ್ರೆ ಕೇಳ್ತದೇನೋ ಅಂತ ನಿನ್ ಕೈಲಿ ಇದನ್ ಆಕ್ಸಿದ್ದು. ಸೆಟ್ಟೇ ಕೆಟ್ಟಿರ್ಲಿ ಅಂತ ದಿನಾ ದೇವ್ರಿಗೆ ಕೈ ಮುಗೀತಿದ್ದೆ ಕಣೋ ಸೀನ."

"ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸೋಣ" ಎಂದೆ. "ತೋರ್ಸೋಣ. ಆದ್ರೆ ಅಲ್ಲೀಗಂಟ ಇದನ್ ಓಡ್ಸಂಗಿಲ್ಲ. ಆ ಬಸ್ನಾಗೆ ಮಕ್ಕಳಿದ್ರು" ಎಂದರು. ಆಮೇಲೆ ಮೆಲ್ಲಗೆ, "ನಿಮ್ಮಕ್ಕಂಗೆ ಯಾರ್ಲಾ ಹೇಳೋದು?" ಎಂದರು.

ಖಾಲಿ ಲಾರಿಯನ್ನು ಗಿರಣಿಗೆ ಮುಟ್ಟಿಸಲೇಬೇಕಿತ್ತು, ನನಗೆ ಡ್ರೈವಿಂಗ್ ಬರುವುದಿಲ್ಲ. ಭಾವ ಸೆಟ್ಟು ಹಾಕಬೇಡವೆಂದರು. ನಾನು ಸೀಟಿನ ತುದಿಗೆ ಸರಿದು, ಹಿಂದಿನ ರಸ್ತೆಗೆ ಕಿವಿ ಕೊಟ್ಟು ಕೂತೆ. ಹಾರ್ನ್ ಕೇಳಿದಾಗಲೆಲ್ಲ ಅವರ ಮಂಡಿ ತಟ್ಟುತ್ತಿದ್ದೆ, ಅವರು ಎಡಕ್ಕೆ ಸರಿದು ಕೈ ಹೊರಗೆ ಚಾಚಿ ದಾರಿ ಬಿಡುತ್ತಿದ್ದರು. ಹುಣಸೂರಿನಲ್ಲಿ ಚಹಾಕ್ಕೂ ಇಳಿಯಲಿಲ್ಲ. ಅಷ್ಟು ನಿಧಾನವಾಗಿ, ಅಷ್ಟು ಚೊಕ್ಕವಾಗಿ ಲಾರಿ ಓಡಿಸಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಗೇರ್ ಬದಲಾಯಿಸಿದ್ದೇ ಗೊತ್ತಾಗುತ್ತಿರಲಿಲ್ಲ.

ಸಂಜೆ ನಾಲ್ಕೂವರೆಗೆ ಗಿರಣಿಯ ಅಂಗಳದಲ್ಲಿ ಲಾರಿ ನಿಂತಿತು. ಇಳಿಯುವ ಮೊದಲು ಭಾವ ತಾವಾಗಿ ಸೆಟ್ಟಿನ ಗುಂಡಿ ತಿರುಗಿಸಿದರು. ಹಾಡು ಬಂತು.

"ಎರಡೂ ಕಡೆ ಬತ್ತಾ ಅದಾ? ನಿಜ ಹೇಳು."

"ಎರಡೂ ಕಡೆ ಬರ್ತಾ ಇದೆ ಭಾವ."

"ಅಂಗಾದ್ರೆ ನಿನ್ ಕೆಲ್ಸದಾಗೆ ತಪ್ಪಿಲ್ಲ ಬುಡು."

ಗುಂಡಿ ಹಿಂದಕ್ಕೆ ತಿರುಗಿಸಿ, ಕೀ ಕಿತ್ತುಕೊಂಡು, ಸಾಹುಕಾರರ ಕೋಣೆಗೆ ಹೋದರು. ಹೊರಗೆ ಬಂದಾಗ ಕೈ ಖಾಲಿಯಿತ್ತು. "ಡಾಕ್ಟ್ರಿಗೆ ತೋರ್ಸು, ಅಲ್ಲೀಗಂಟ ಗೇಟಲ್ಲಿ ಕೂತ್ಕೊ ಅಂದ್ರು" ಎಂದಷ್ಟೇ ಹೇಳಿದರು. ಗೇಟು ದಾಟುವಾಗ ನಾನೊಮ್ಮೆ ಹಿಂದಿರುಗಿ ನೋಡಿದೆ. ಲಾರಿಯ ಬೆನ್ನಿನ ಮೇಲೆ ಅವರೇ ತಿದ್ದಿ ತಿದ್ದಿ ದಪ್ಪ ಮಾಡಿದ 'ಹಾರ್ನ್ ಮಾಡಿ' ಅಷ್ಟು ದೂರಕ್ಕೂ ಓದುವಂತಿತ್ತು. ಭಾವ ತಿರುಗಿ ನೋಡಲಿಲ್ಲ.

ಭೇರ್ಯದ ಬಸ್ಸಿಗೆಂದು ಇಬ್ಬರೂ ನಡೆದೆವು. ನಾನು ಅವರ ಬಲಗಡೆ ಇದ್ದೆ. ದಾರಿಯಲ್ಲಿ ಒಂದು ಮಾತು ಹೇಳಿದೆ, ಅವರು ಉತ್ತರ ಕೊಡದೆ ಮುಂದೆ ನೋಡುತ್ತ ನಡೆಯುತ್ತಿದ್ದರು. ಹಿಂದಿನಿಂದ ಸುತ್ತಿಕೊಂಡು ಅವರ ಎಡಗಡೆಗೆ ಬಂದು ಅದೇ ಮಾತನ್ನು ಮತ್ತೊಮ್ಮೆ ಹೇಳಿದೆ.

"ಅಕ್ಕನಿಗೆ ನಾನೇ ಹೇಳ್ತೀನಿ ಭಾವ."