ಎರಡೂ ಎಡತೋಳು

ಅಪಘಾತದಲ್ಲಿ ಭಾವನ ಕಾಲು ಮುರಿಯಿತು, ಅವಳ ಕುತ್ತಿಗೆ ಮುರಿಯಲಿಲ್ಲ. ಆಮೇಲಿನ ಪಡಿಪಾಟಲಿಗೆಲ್ಲ ಅದೇ ಮೂಲ.

ಭಾವ ಕಾರು ಓಡಿಸುತ್ತಿದ್ದರು, ಅವಳು ಹಿಂದಿನ ಸೀಟಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಗುದ್ದಿ, ಮುಂದಿನ ಬಸ್ಸಿಗೆ ತಳ್ಳಿತು. ಭಾವನ ಕಾಲಿಗೆ ದಪ್ಪ ಬಿಳಿ ಪಟ್ಟಿ ಬಿತ್ತು. ನೆಂಟರಿಷ್ಟರು ಬಂದು ಅದನ್ನು ಮುಟ್ಟಿ ನೋಡಿ ಲೊಚಗುಟ್ಟಿದರು. ಅವಳ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಎಷ್ಟೋ ಜನಕ್ಕೆ ಸರಿಹೋಗುತ್ತದೆ ಕೂಡ. ಇವಳಿಗೆ ಸರಿಹೋಗಲಿಲ್ಲ.

ಮೂರು ವರ್ಷವಾದ ಮೇಲೆ ಭಾವ ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಾರೆ. ಅವಳು ಸ್ವಲ್ಪ ಹೊತ್ತು ತಲೆ ಬಗ್ಗಿಸಿದರೆ ಸಾಕು, ನೋವು ಹೆಗಲಿನಿಂದ ಕಿವಿಯ ಹಿಂದೆ ಹಾದು ಕಣ್ಣಿಗೇ ಬಂದು ಕೂರುತ್ತದೆ. ಬಲಗೈಯ ಎರಡು ಬೆರಳು ಜೋಮು ಹಿಡಿಯುತ್ತವೆ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ತಿರುಗದೆ ಹೋದ ದಿನ ಬೀದಿಯವರು ಇವಳಿಗೆ ಜಂಬ ಬಂದಿದೆ ಎಂದರು. ಅವಳು ಬಿಡಿಸಿ ಹೇಳಲಿಲ್ಲ. ಪಾಪ ಎನ್ನಿಸಿಕೊಳ್ಳುವುದಕ್ಕಿಂತ ಜಂಬದವಳು ಎನ್ನಿಸಿಕೊಳ್ಳುವುದೇ ವಾಸಿ ಅನ್ನಿಸಿತ್ತು.

ಟೈಲರ್ ಅಂಗಡಿಯಲ್ಲಿ ಹೊಲಿಯುವವರು ನಾಲ್ವರು, ಬಟ್ಟೆ ಕತ್ತರಿಸುವವಳು ಇವಳೊಬ್ಬಳೇ. ಕೆಲಸ ಕಲಿಸಿದ ಮಾಸ್ಟರೇ ಮಾಲೀಕರು. ಮೇಜು ಸೊಂಟದೆತ್ತರದ್ದು, ದಿನವಿಡೀ ಬಗ್ಗಬೇಕು. ಅವಳು ಹಲ್ಲು ಕಚ್ಚುವುದನ್ನು ನೋಡಿ ಮಾಸ್ಟರು, "ಪಾಪ, ಗುಂಡಿ ಹಚ್ಕೊಂಡು ಕೂತ್ಕೋ ತಾಯಿ," ಎಂದರು. ಗುಂಡಿ ಹಚ್ಚುವುದಕ್ಕೂ ಕುತ್ತಿಗೆ ಬಗ್ಗಬೇಕು ಎಂಬುದು ಕನಿಕರದ ಭರದಲ್ಲಿ ಅವರಿಗೆ ಹೊಳೆಯಲಿಲ್ಲ.

ಅಂಗಡಿಗೆ ರಜೆಯಿದ್ದ ದಿನ ಅವಳು ಬಡಗಿಯನ್ನು ಕರೆತಂದು ಮೇಜಿನ ಕಾಲುಗಳ ಕೆಳಗೆ ಮರದ ದಿಮ್ಮಿ ಕೊಡಿಸಿದಳು. ಮರುದಿನ ಬಂದ ಮಾಸ್ಟರಿಗೆ ಮೇಜು ಗದ್ದದ ಹತ್ತಿರವಿತ್ತು. ಅವರು ಮೊದಲೇ ಗಿಡ್ಡ.

"ಇದು ಮೇಜೋ ಅಟ್ಟವೋ?"

"ನಿಮಗೆ ಎಟುಕದಿದ್ರೆ ಸ್ಟೂಲು ತರಿಸ್ಬಹುದು ಮಾಸ್ಟ್ರೇ. ನಂಗೆ ಬೇರೆ ಕುತ್ತಿಗೆ ಎಲ್ಲಿಂದ ತರ್ಲಿ?"

ಮಾಸ್ಟರು ಗೊಣಗುತ್ತಲೇ ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು. ಒಂದು ಬಟ್ಟೆ ಕೆಟ್ಟರೂ ಅವಳು ಕತ್ತರಿ ಕೆಳಗಿಡಬೇಕು. ಅಂಗಡಿಯಲ್ಲಿ ಬೇರೆ ಯಾರಿಗೂ ಇಲ್ಲದ ಷರತ್ತು. ಅವಳು ಹೂಂ ಎಂದುಬಿಟ್ಟಳು. ಅದು ಶುದ್ಧ ದಡ್ಡತನ.

ಹಾಗಿರುವಾಗ ಒಬ್ಬ ಗಿರಾಕಿಯ ಕೋಟಿಗೆಂದು ಉಣ್ಣೆಯ ಬಟ್ಟೆ ಬಂತು. ಬಟ್ಟೆ ಸಾಲದು, ಮಡಚಿ ಎರಡು ತೋಳನ್ನು ಒಟ್ಟಿಗೆ ಕತ್ತರಿಸುವಂತಿರಲಿಲ್ಲ. ಒಂದನ್ನು ಕತ್ತರಿಸಿ, ಕಾಗದದ ಮಾದರಿಯನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಪಕ್ಕದಲ್ಲಿ ಇಸ್ತ್ರಿಯವಳು ತನ್ನ ಅತ್ತೆ ಗೊರಕೆ ಹೊಡೆಯುವುದನ್ನು ಮಾಡಿ ತೋರಿಸುತ್ತಿದ್ದಳು. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆವತ್ತು ನೋವೂ ಅಷ್ಟಾಗಿರಲಿಲ್ಲ. ನಗುನಗುತ್ತಲೇ ಕತ್ತರಿ ಆಡಿಸಿದಳು, ಮಾದರಿ ಮಗುಚಲಿಲ್ಲ.

ಸಂಜೆ ಹೊಲಿಯುವವನು ಕೋಟನ್ನು ಎತ್ತಿ ಹಿಡಿದ. ಎರಡೂ ಎಡತೋಳು.

ಮಿಷನ್ನುಗಳು ಒಂದೊಂದಾಗಿ ನಿಂತವು. ಮಾಸ್ಟರು ಹತ್ತಿರ ಬಂದು, ಮಗುವಿಗೆ ಹೇಳುವಂತೆ, "ನಿನ್ನ ತಪ್ಪಲ್ಲ ತಾಯಿ. ಆ ಕುತ್ತಿಗೆ ಇಟ್ಕೊಂಡು ನೀನಾದ್ರೂ ಏನ್ ಮಾಡ್ತೀಯ. ಕತ್ತರಿ ಕೊಡು," ಎಂದು ಕೈ ಚಾಚಿದರು.

ಹೌದು ಎಂದಿದ್ದರೆ ಎಲ್ಲರೂ ಅವಳನ್ನು ಸಮಾಧಾನ ಮಾಡುತ್ತಿದ್ದರು. ಅವಳಿಗೆ ಉರಿದುಹೋಯಿತು.

"ಕುತ್ತಿಗೆ ಏನೂ ಮಾಡಿಲ್ಲ ಮಾಸ್ಟ್ರೇ. ನಾನು ನಗ್ತಾ ಮೈಮರೆತೆ. ಲಾರಿ ಗುದ್ದೋದಕ್ಕೆ ಮುಂಚೆನೂ ಒಂದ್ಸಲ ಹೀಗೇ ಮಾಡಿದ್ದೆ, ಆಗ ಕತ್ತರಿ ಕಿತ್ಕೊಂಡ್ರಾ? ಹೋದ ತಿಂಗಳು ನೀವೇ ಒಂದು ಪ್ಯಾಂಟನ್ನ ಚಡ್ಡಿ ಮಾಡಿಟ್ರಿ, ನಿಮಗೆ ಯಾವ ಮೂಳೆ ನೋಯ್ತಿತ್ತು?"

ಇಸ್ತ್ರಿಯವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ನೀನೇ ಒಪ್ಪಿದ್ದೆಯಲ್ಲ," ಎಂದರು ಮಾಸ್ಟರು.

"ಒಪ್ಪಬಾರ್ದಿತ್ತು. ಈಗ ಒಪ್ಪಲ್ಲ. ನೋವು ಇದ್ದೇ ಇದೆ, ಸಾಯೋತನಕ ಇರ್ಬಹುದು. ಆದ್ರೆ ಈ ತಪ್ಪು ನನ್ನದು, ಅದನ್ನ ನೋವಿನ ತಲೆಗೆ ಕಟ್ಬೇಡಿ. ಉಳಿದ ಚೂರಲ್ಲಿ ಬಲತೋಳು ಕತ್ತರಿಸಿ, ಸಾಲದ ಕಡೆ ಒಳಭಾಗಕ್ಕೆ ಜೋಡು ಹಾಕ್ತೀನಿ, ಗಿರಾಕಿ ಹತ್ರ ನಾನೇ ಹೇಳ್ತೀನಿ. ನೀವು ಬೈಯಿರಿ. ಇವರಿಗೆಲ್ಲ ಬೈಯೋ ಹಾಗೇ ಬೈಯಿರಿ."

ಮಾಸ್ಟರು ಚಾಚಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರ ಗಂಟಲು ಬಿಚ್ಚಿತು.

"ಕಣ್ಣು ಎಲ್ಲಿಟ್ಟಿದ್ದೆ? ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ವಾ? ನಾಚಿಕೆ ಆಗ್ಬೇಕು ನಿಂಗೆ. ಮೈಮೇಲೆ ಜ್ಞಾನ ಬೇಡ್ವಾ?"

ಬೈಗುಳ ಬೀದಿಯವರೆಗೂ ಕೇಳಿಸಿತು. ಅವಳಿಗೆ ಎದೆ ತುಂಬಿ ಬಂತು. ಉಳಿದ ಚೂರನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

"ಬೈತಾ ಇರಿ ಮಾಸ್ಟ್ರೇ," ಎಂದಳು, "ಆದ್ರೆ ಬೆಳಕಿಗೆ ಅಡ್ಡ ನಿಲ್ಬೇಡಿ."