ನಮ್ ತಾತ ಮುಳುಗ್ಸಿದ ದೊರೆ

ನಂಜುಂಡಪ್ಪನಾಣೆ, ಇದು ನಡದಿದ್ದೇ ಕಣ್ರೀ, ಒಂದಕ್ಸರ ಸುಳ್ಳಿಲ್ಲ. ನಂಜನಗೂಡಲ್ಲಿ ನನ್ನಷ್ಟು ಅಳೇ ಆಟೋ ಡ್ರೈವರ್ ಇನ್ನೊಬ್ಬ ಇಲ್ಲ. ಒಂದಿನ ಒಬ್ರು ಮೇಡಮ್ಮು ಬಂದು ನರಸೀಪುರಕ್ಕೆ ಓಗ್ಬೇಕು ಅಂತ ಕೂತ್ರು. ಬಿಳೀ ದೊರೆಗಳ ಕಾಲದ ಮ್ಯಾಲೆ ಕಾದಂಬ್ರಿ ಬರೀತಾವ್ರಂತೆ. ನಾನು ಸುಮ್ಕಿರ್ತೀನಾ?

"ನಮ್ ತಾತ ಬಿಳಿಗೆರೆ ಮಾದಪ್ಪ ಒಬ್ಬ ದೊರೇನ ಕಪಿಲಾ ಒಳೇಲಿ ಮುಳುಗ್ಸಿದ್ದ ಕಣವ್ವಾ" ಅಂದೆ. ನಲ್ವತ್ತು ವರ್ಸದಿಂದ ಇಂಗೇ ಏಳ್ಕಂಡ್ ಬಂದಿವ್ನಿ, ಒಬ್ರೂ ಇಲ್ಲ ಅಂದಿಲ್ಲ.

ಸುತ್ತೂರ್ ತಾವ ಮೇಡಮ್ಮು ಆಟೋ ನಿಲ್ಸಿದ್ರು. ಬ್ಯಾಗಿಂದ ಒಂದು ಅಳೇ ಪೋಟ ತಗುದ್ರು. ಒಳೆ ಮದ್ಯ ಒಬ್ಬ ಆಳು ನಿಂತವ್ನೆ. ಅವ್ನ ಎಗಲ್ ಮ್ಯಾಲೆ ದೊರೆ, ಬೂಟ್ಸು ನೆನೀದಂಗೆ ಕಾಲೆತ್ಕಂಡು ಕೂತವ್ನೆ.

"ಕೆಳಗೆ ಬಿಳಿಗೆರೆ ಮಾದಪ್ಪ ಅಂತ ಬರೆದಿದೆ ಅಜ್ಜ. ಇವರ ಮನೆಯವರನ್ನೇ ಹುಡುಕ್ತಿದ್ದೆ."

ನೋಡುದ್ರೆ ಮೂಗು ನಂದೇ.

"ಇವ್ನೇ ಕಣವ್ವಾ. ಮುಳುಗ್ಸಕ್ಕೇ ಒತ್ಕಂಡು ಓಯ್ತಾವ್ನೆ. ಪೋಟ ತಗ್ದೋನು ಅವಸ್ರ ಮಾಡ್ಬುಟ್ಟ" ಅಂದೆ.

ಮೇಡಮ್ಮು ನಗ್ನಿಲ್ಲ. "ಆಮೇಲೆ ಮುಳುಗಿಸಿದ್ರು ಅಂತ ಬರೀಲಾ?"

"ಮತ್ತೆ? ಪುಸ್ತಕದಲ್ಲೂ ನಮ್ ತಾತ ದೊರೇನ ಒತ್ಕಂಡೇ ಇರ್ಬೇಕಾ?"

"ಸರಿ, ಮುಳುಗಿಸ್ತೀನಿ."

"ಎಲ್ಡ್ ಸಲ ಮುಳುಗ್ಸಿ."

ಬರ್ಕಂಡ್ರು. ನರಸೀಪುರದಲ್ಲಿ ಇಳುದು ದುಡ್ಡು ಚಾಚುದ್ರು.

"ದೊರೇನೇ ಮುಳುಗ್ಸಿದವ್ನ ಮೊಮ್ಮಗ ನಿಮ್ಮತ್ರ ಬಾಡ್ಗೆ ಈಸ್ಕತಾನಾ? ಓಗ್ರವ್ವಾ" ಅಂದ್ಬುಟ್ಟೆ. ಇನ್ನೊಂದ್ ಸಲ ಬಲವಂತ ಮಾಡ್ತಾರೆ ಅಂದ್ಕಂಡಿದ್ದೆ. ಅವ್ರು ಕೈ ಮುಗುದು ನಿಜ್ವಾಗ್ಲೂ ಓಗ್ಬುಟ್ರು.

ಏಳ್ನೂರ ಇಪ್ಪತ್ತು ರೂಪಾಯಿ.