ಎರಚದೆ ಉಳಿದ ಸಗಣಿ ನೀರು

ಯುಗಾದಿಯ ಮರುದಿನ ಬೆಳಿಗ್ಗೆ ಅಂಗಳ ಸಾರಿಸಲು ಬಕೆಟ್ಟಿನಲ್ಲಿ ಸಗಣಿ ಕಲಸುತ್ತಿದ್ದೆ. ಆಂಧ್ರದ ಗಡಿಯೊಳಗಿರುವ ನಮ್ಮೂರ ಬೀದಿಗೆ ಅರಣ್ಯ ಇಲಾಖೆಯ ಆಟೋ ಬಂತು. ನಾಯಿ ಬಿಟ್ಟು ಮೊಲ, ಜಿಂಕೆ ಹಿಡಿಯುವುದು ಅಪರಾಧ, ಬೇಟೆಗೆ ಹೋದವರಿಗೆ ಜೈಲು ಎಂದು ಮೈಕಿನಲ್ಲಿ ತೆಲುಗಿನಲ್ಲಿ ಕೂಗಿದರು. ನನ್ನ ಕೈ ಸಗಣಿಯಲ್ಲೇ ನಿಂತಿತು. ಶಿವನೇ, ಕಡೆಗೂ ನನ್ನ ಮೊರೆ ಕೇಳಿದೆಯಲ್ಲ!

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯೂ ಒಳಗೆ ಬರುವುದಿಲ್ಲ. ಆದರೆ ಹತ್ತಿ ಹೊಲ ಕಾಯಲು ಸಾಕಿದ ನಮ್ಮ ಹೆಣ್ಣು ನಾಯಿ, ಬರೀ ಜೋಳದ ನುಚ್ಚು, ಮಜ್ಜಿಗೆ ಉಂಡೇ ಊರ ನಾಯಿಗಳಿಗೆಲ್ಲ ಮುಂದೆ ಓಡುತ್ತಿತ್ತು. ಯುಗಾದಿಯ ಮರುದಿನ ಊರ ಗಂಡಸರು ಗುಡ್ಡಕ್ಕೆ ಹೋಗುವ ಬೇಟೆಗೆ ಅದನ್ನು ಕೇಳಿದರೆ ಇಲ್ಲ ಎನ್ನುವ ಹಾಗಿರಲಿಲ್ಲ. ಹೋದ ವರ್ಷದ ಬೇಟೆಯಲ್ಲಿ ಕಾಡುಹಂದಿ ಅದರ ಹೊಟ್ಟೆ ಸೀಳಿತ್ತು. ಪಶು ಡಾಕ್ಟರು ಹೊಲಿದರು, ದೇವರು ಉಳಿಸಿದ. ಇನ್ನೊಮ್ಮೆ ಹೋದರೆ ಬದುಕಿ ಬರದು ಎಂದೂ ಡಾಕ್ಟರು ಹೇಳಿದ್ದರು.

ಆಟೋ ಆ ಕಡೆ ಹೋಯಿತು, ಈ ಕಡೆ ಬೇಟೆಯ ಹಿರಿಯರೊಬ್ಬರು ಹಗ್ಗ ಹಿಡಿದು ಬಂದರು. ವರಸೆಯಲ್ಲಿ ನನಗೆ ಮಾವ.

"ನಾಯಿ ಬಿಚ್ಚವ್ವಾ."

"ಮಾವಾ, ಮೈಕ್ ಕೇಳ್ಲಿಲ್ಲೇನ್ರಿ? ಜೈಲಂತ."

"ಜೈಲಿಗೆ ಯಾರು ಅಂಜತಾರ? ಬರಿಗೈಲೆ ಬಂದ್ರ ನೀವು ಹೆಂಗಸ್ರು ಸಗಣಿ ನೀರು ಉಗ್ಗತೀರಲ್ಲ, ಅದಕ್ಕ ಅಂಜಿಕಿ!"

ಮೊಲವಿಲ್ಲದೆ ಮರಳಿದ ಗಂಡಸರಿಗೆ ಊರಬಾಗಿಲಲ್ಲಿ ಸಗಣಿ ನೀರು ಎರಚುವುದು ನಮ್ಮೂರ ಹೆಂಗಸರ ಹಕ್ಕು.

"ಉಗ್ಗಾವ್ರು ನಾವ ಅಲ್ಲೇನ್ರಿ? ಹಂಗಾರ ಬಿಡಾವ್ರೂ ನಾವ. ಈ ಸಲ ಉಗ್ಗಂಗಿಲ್ಲ."

"ನೀ ಒಬ್ಬಾಕಿ ಅಂದ್ರ ಆತೇನು?"

ಬಕೆಟ್ ಎತ್ತಿಕೊಂಡು ನಳದ ಕಡೆ ನಡೆದೆ. ಮಾವ ಹಿಂದೆಯೇ ಬಂದರು. ನೀರಿಗೆ ನಿಂತಿದ್ದ ಹೆಂಗಸರಿಗೆ ಸಂಗತಿ ಹೇಳಿದೆ. ಎದುರುಮನೆಯ ಅಕ್ಕನ ಗಂಡ, ಮಗ ಇಬ್ಬರೂ ಬೇಟೆಗೆ ಹೋಗುವವರು. ಆಕೆ ಕೊಡ ಕುಕ್ಕಿ ಗದರಿದಳು: "ಕೇಳ್ರಿ ಮಾವಾ! ಈ ಸಲ ಬೇಟೆಗೆ ಹೋದವ್ರಿಗೆ ಸಗಣಿ ನೀರು, ಮನ್ಯಾಗ ಇದ್ದವ್ರಿಗೆ ಹೋಳಿಗಿ!"

ನಳದ ಬಳಿ ಕೇಕೆಯೋ ಕೇಕೆ. ನಾನು ಬಕೆಟ್ಟನ್ನು ಸ್ವಲ್ಪ ಎತ್ತಿದೆ, ಅಷ್ಟೇ.

"ವದ್ದಮ್ಮಾ, ವದ್ದು! ಬ್ಯಾಡವ್ವಾ, ಹೊಸಾ ಪಂಚೆ ಐತಿ," ಎಂದು ಮಾವ ಹಿಂದೆ ಜಿಗಿದರು. ಆಮೇಲೆ ತಾವೇ ನಕ್ಕರು. "ತುಪ್ಪ ಹಾಕತೀರೇನು?"

"ಸುರೀತೀವ್ರಿ."

ಆ ದಿನ ನಮ್ಮೂರಿಂದ ಒಂದು ನಾಯಿಯೂ ಗುಡ್ಡದ ಕಡೆ ಹೋಗಲಿಲ್ಲ. ನಮ್ಮದು ಹೊಲಿಗೆಯ ಹೊಟ್ಟೆಯನ್ನು ಬಿಸಿಲಿಗೆ ಕೊಟ್ಟು ಬಾಗಿಲಲ್ಲೇ ಮಲಗಿತ್ತು. ಅದರ ಸುತ್ತಲೇ, ಅದೇ ಸಗಣಿ ನೀರಿನಲ್ಲಿ ಅಂಗಳ ಸಾರಿಸಿದೆ. ಊರ ಗಂಡಸರೆಲ್ಲ ಮನೆಯಲ್ಲಿದ್ದರಲ್ಲ, ಕೈ ತೊಳೆದು ಹೂರಣಕ್ಕೆ ಬೇಳೆ ಕೊಂಚ ಜಾಸ್ತಿಯೇ ಇಟ್ಟೆ.